ಹನ್ನೊಂದು ನಿಮಿಷದ ಸದಸ್ಯರು

ಬಾಗಿಲ ಪಕ್ಕದ ಮೇಜು ನನ್ನದು.
ಒಳಬರುವ ಬಾಗಿಲಲ್ಲ, ಹೊರಹೋಗುವುದು.
ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ, ಹೀಟರಿನ ಬಿಸಿ ತಲುಪದ ಮೂಲೆ,
ಒಂದು ಕಟ್ಟು ಕಾರ್ಡು, ದಾರ ಕಟ್ಟಿದ ಎರಡು ಪೆನ್ನು,
ಓಡೀಲ್ ಗಾನ್ಯೋನ್ ಎಂದು ಬರೆದ ಎದೆಚೀಟಿ.
ಉಳಿದ ದಿನ ಶಾಲೆಯ ಬಸ್ಸು ಓಡಿಸುತ್ತೇನೆ.
ಇವತ್ತು ಶಾಲೆಗೆ ರಜೆ, ಊರಿಗೆ ಪ್ರೈಮರಿ.

ನ್ಯೂ ಹ್ಯಾಂಪ್‌ಶೈರಿನ ಜನವರಿ.
ಬೂಟಿನ ಹಿಮ ಕರಗಿ ಆಟದ ಗೆರೆಗಳ ಮೇಲೆ
ಚಿಕ್ಕ ಚಿಕ್ಕ ಕೆರೆ.

ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೂ ಒಂದು ಗುರುತು:
ಈ ಪಕ್ಷ, ಆ ಪಕ್ಷ, ಇಲ್ಲವೇ
'ಹೇಳಿಲ್ಲ'.
ಹೇಳದವರೇ ಹೆಚ್ಚು ನಮ್ಮೂರಲ್ಲಿ.
ಹೇಳದವರೆಂದರೆ ಗೊತ್ತಿಲ್ಲದವರಲ್ಲ.
ಕಲ್ಲುಕ್ವಾರಿಯ ಮರ್ಲ್ ಥಿಬೊಡೋಗೆ ಎಲ್ಲ ಗೊತ್ತು,
ಡೀಸೆಲ್ಲಿನ ದರದಿಂದ ಸೆನೆಟ್ಟಿನ ಜಗಳದ ತನಕ;
ಯಾರ ಕಡೆ ಎಂದು ಕೇಳಿ ನೋಡಿ,
ಹವಾಮಾನದ ಮಾತೆತ್ತುತ್ತಾನೆ.

ಒಳಬಾಗಿಲಲ್ಲಿ ಪ್ರಿಸಿಲಾ ಮಾತ್ರ ಬಿಡುವಂತಿಲ್ಲ:
"ಯಾವ ಮತಪತ್ರ?"
ಬಾಯಿಬಿಟ್ಟು ಹೇಳಬೇಕು,
ಹಿಂದೆ ನಿಂತ ನೆರೆಯವನ ಕಿವಿಗೂ ಬೀಳುವ ಹಾಗೆ.
ಹೇಳಿದ ಕ್ಷಣಕ್ಕೆ ಆ ಪಕ್ಷದವರಾದರು.
ಹಾರ ಇಲ್ಲ, ತುರಾಯಿ ಇಲ್ಲ,
ಪಟ್ಟಿಯ ಮೇಲೊಂದು ಗೀರು, ಅಷ್ಟೆ.

ಪರದೆ, ಪೆನ್ಸಿಲ್ಲು, ಅಂಡಾಕಾರದ ಖಾಲಿ ತುಂಬು,
ಹಳೇ ಮರದ ಪೆಟ್ಟಿಗೆಗೆ ಹಾಕು.
ಹಿಡಿ ತಿರುಗಿಸಿದರೆ ಗಂಟೆ ಕೂಗುತ್ತದೆ: ಒಂದು.
ಆಮೇಲೆ ನನ್ನ ಮೇಜು.
ಒಂದು ಸಹಿ, ಮತ್ತೆ 'ಹೇಳಿಲ್ಲ'.
ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ,
ಹೆಚ್ಚುಕಮ್ಮಿ ಹನ್ನೊಂದು ನಿಮಿಷದ ಸದಸ್ಯತ್ವ.

ಹೇಜಲ್ ಒಂದು ಪಕ್ಷದ ಚೀಟಿ ಕೇಳಿದಳು, ಗಂಡ ಡರ್‌ವುಡ್ ಇನ್ನೊಂದರದು,
ಒಬ್ಬರ ಮುಖ ಒಬ್ಬರು ನೋಡದೆ.
ನನ್ನಲ್ಲಿಗೆ ಬರುವಾಗ ಮತ್ತೆ ಒಂದೇ ಜೋಡಿ ಕೈಗವಸು,
ಎಡಗೈಯದು ಅವನಿಗೆ, ಬಲಗೈಯದು ಅವಳಿಗೆ.

ಟ್ಯಾಮ್ಸಿನ್‌ಗೆ ಮೊದಲ ಓಟು. ನನ್ನದೇ ಬಸ್ಸಿನ ಹುಡುಗಿ,
ಹಿಂದಿನ ಸೀಟು, ಚೂಯಿಂಗ್ ಗಮ್.
"ಅದರಲ್ಲೊಬ್ಬರು ಇಷ್ಟ, ಇದರಲ್ಲೊಬ್ಬರು. ಎರಡೂ ಕೊಡಿ" ಅಂದಳಂತೆ.
ಸಾಲು ನಕ್ಕಿತು. ಪ್ರಿಸಿಲಾ ನಗಲಿಲ್ಲ:
"ಒಂದೇ, ಮಗೂ."
ಕಣ್ಣು ಮುಚ್ಚಿ ಒಂದರತ್ತ ಬೆರಳು ಮಾಡಿದಳು.
ಕಣ್ಣು ನಿಜಕ್ಕೂ ಮುಚ್ಚಿತ್ತೋ, ನಾ ಕಾಣೆ.

ಅಡ್ಡಗೋಡೆಯ ಮೇಲಿಟ್ಟ ದೀಪ ಎಂದು ಬೈಯುತ್ತಾರೆ ನಮ್ಮಂಥವರನ್ನು
ಎರಡೂ ಕಡೆಯವರು.
ಬೈದುಕೊಳ್ಳಲಿ.
ಆ ದೀಪದ ಎಣ್ಣೆಗಾಗಿಯೇ ಅಲ್ಲವೆ
ನಾಲ್ಕು ವರ್ಷಕ್ಕೊಮ್ಮೆ ಇಬ್ಬರೂ ಬಂದು
ನಮ್ಮ ಅಂಗಡಿಗಳಲ್ಲಿ ಕಾಫಿ ಕುಡಿಯುವುದು,
ನಮ್ಮ ನಾಯಿಗಳ ಹೆಸರು ಕೇಳುವುದು?

ಏಳಕ್ಕೆ ಹತ್ತು ನಿಮಿಷ. ಬಾಗಿಲು ದಡಾರನೆ ತೆರೆಯಿತು.
ಮರ್ಲ್. ಹೆಗಲ ಮೇಲೆ ಬೆರಳೆತ್ತರ ಹಿಮ.
ಬೆಳಿಗ್ಗೆ ಸಹಿ ಮರೆತು ಮನೆಗೆ ಹೋಗಿದ್ದನಂತೆ,
ಊಟಕ್ಕೆ ಕೂತಾಗ ನೆನಪಾಗಿ ತುತ್ತು ಗಂಟಲಿಗಿಳಿಯಲಿಲ್ಲ.
ಹನ್ನೆರಡು ಮೈಲಿ, ಮಂಜುಗಟ್ಟಿದ ರಸ್ತೆ.
"ಒಂದು ಪಕ್ಷದವನಾಗಿ ಮಲಗಿ ಅಭ್ಯಾಸವಿಲ್ಲ, ಓಡೀಲ್,
ನಿದ್ದೆ ಬರಲ್ಲ."
ಪೆನ್ನಿನ ದಾರ ಕಿತ್ತೇ ಬರುವಷ್ಟು ಒತ್ತಿ ಬರೆದ.

ಏಳಕ್ಕೆ ಬಾಗಿಲು ಹಾಕಿದೆವು.
ಮತಪತ್ರ ಪಡೆದ 'ಹೇಳದವರು' ಮುನ್ನೂರ ಹನ್ನೆರಡು.
ನನ್ನ ಬಳಿಯ ಕಾರ್ಡು ಮುನ್ನೂರ ಹತ್ತು.
ಮತ್ತೆ ಎಣಿಸಿದೆ. ಮತ್ತೂ ಹತ್ತು.
ಒಬ್ಬ, ಗ್ಯಾರೇಜಿನ ಲಯೊನೆಲ್, ಬೇಕೆಂದೇ ಉಳಿದುಕೊಂಡವನು,
ಹೋಗುವಾಗ ಕೈಬೀಸಿ ಹೇಳಿಯೇ ಹೋಗಿದ್ದ.
ಇನ್ನೊಬ್ಬರು?

ಪ್ರಿಸಿಲಾ ಪಟ್ಟಿಯ ಮೇಲೆ ಬೆರಳಾಡಿಸಿ ತಡೆದಳು,
ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಓಟು ಹಾಕಿ
ನೇರ ಈ ಕುರ್ಚಿಗೆ ಬಂದು ಕೂತಿದ್ದೆ.
ದಿನವಿಡೀ ಊರನ್ನೇ ಬಿಡಿಸಿ ಕಳಿಸಿದವಳು!

ಇನ್ನು ಅಂಚೆ ಬರುತ್ತದೆ ಮನೆಗೆ,
"ಪ್ರಿಯ ಓಡೀಲ್" ಎಂದು, ಐದು ಡಾಲರ್ ಕೇಳುತ್ತಾ.
ಮುಂದಿನ ಪಟ್ಟಿ ತಿದ್ದುವ ದಿನದವರೆಗೆ ಸಹಿಸಬೇಕು.
ಯಾವ ಪಕ್ಷದಿಂದ ಎಂದಿರಾ?
ರಾತ್ರಿ ಇನ್ನೂ ಹಿಮ ಬೀಳಬಹುದು ಅಂತಾರಪ್ಪ.

ನಾಳೆ ಆರೂವರೆಗೆ ಬಸ್ಸು.
ಗಿರಣಿ ಸೇತುವೆಯ ಕವಲಿನಲ್ಲಿ ಸೂಚಕ ದೀಪ ಹಾಕಲೇಬೇಕು,
ಎತ್ತ ಹೊರಳುವವಳೆಂದು
ಹಿಂದೆ ಬರುವವರಿಗೆ ಮೊದಲೇ ಹೇಳಬೇಕು.
ಅದು ಬೇರೆ ಕಾನೂನು.